ಮೆಟ್ಟಿಲಿಗೆ ಇಳಿದ ಗೆರೆ

ಹಾವು ಕಚ್ಚಿದ ನಮ್ಮ ಕೇರಿಯ ಓಬಣ್ಣನನ್ನು, ಸೀಟು ಮೈಲಿಗೆಯಾಗುತ್ತದೆಂದು ನಲ್ಲೂರಿನ ಪಂಚಾಕ್ಷರಪ್ಪನವರು ತಮ್ಮ ವ್ಯಾನಿಗೆ ಹತ್ತಿಸಲಿಲ್ಲ. ಅವನು ವ್ಯಾನಿನ ಮೆಟ್ಟಿಲು ಹಿಡಿದುಕೊಂಡೇ ಸತ್ತ.

ಮರುವರ್ಷ, ೧೯೮೨ರಲ್ಲಿ, ಯಾತ್ರೆಯಲ್ಲಿ ಒಳಗೇ ಮಲಗಲೆಂದು ಅವರು ಅದೇ ವ್ಯಾನಿಗೆ ಮಂಚ ಹಾಕಿಸಿ, ವೈರಿಂಗಿಗೆ ನನ್ನನ್ನು ಕರೆದರು. ಕೆಲಸಕ್ಕೆ ಮೈಲಿಗೆ ಇರಲಿಲ್ಲ.

ವೈರು ಎಲ್ಲೆಲ್ಲಿ ಹಾಯಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ದೀಪ ಮಂಚದ ತಲೆಗಡೆ, ಗೆರೆ ಅಲ್ಲಿಗೇ ಮುಗಿಯಬೇಕು. ಬೀಡಿ ಸೇದಿ ಬಂದು ನೋಡಿದರೆ ಗೆರೆ ಬಾಗಿಲು ದಾಟಿ ಮೆಟ್ಟಿಲಿಗೆ ಇಳಿದಿತ್ತು. ಒರೆಸಿ ಮತ್ತೆ ಎಳೆದೆ. ತಿರುಗಿ ನೋಡುವಷ್ಟರಲ್ಲಿ ಮತ್ತೆ ಅಲ್ಲಿಗೇ. ವ್ಯಾನಿನ ಹತ್ತಿರ ಯಾರೂ ಬಂದಿರಲಿಲ್ಲ. ಗೆರೆ ನನ್ನ ಕೈಯದೇ, ಎಳೆದ ನೆನಪಿಲ್ಲ. ಸುಡುಬಿಸಿಲಲ್ಲೂ ಆ ಮೆಟ್ಟಿಲು ತಣ್ಣಗಿತ್ತು.

“ಏನಯ್ಯಾ, ಮೆಟ್ಲಿಗೆ ದೀಪ ಹಾಕಾಕೆ ಇದೇನು ಗುಡಿಯಾ? ಒರೆಸೋ ಅದನ್ನ!” ಎಂದರು ಕೆಲಸ ನೋಡಲು ಬಂದ ಪಂಚಾಕ್ಷರಪ್ಪನವರು.

ಬಟ್ಟೆಯನ್ನು ಅವರ ಮುಂದೆ ಇಟ್ಟೆ.

“ನೀವೇ ಒರೆಸ್ರಿ ಸಾವ್ಕಾರ್ರೆ. ನಾನು ಒರೆಸಲ್ಲ.”