ಸರ್ ಬಿಟ್ಟ ಮಾತಿನ ಲೆಕ್ಕ

"ಮೂವತ್ತೈದ್ರಿ ಟೀಚರ!"

ಕಾಜಲ್ ಎದ್ದು ಹೇಳಿದ್ದೇ ತಡ, ಮಹಾರಾಷ್ಟ್ರದ ಗಡಿಯೊಳಗಿನ ತಿಕೋಂಡಿಯ ಕನ್ನಡ ಶಾಲೆಯ ಏಳನೇ ತರಗತಿಯ ಅರ್ಧ ಮಕ್ಕಳು ಹೌದು ಹೌದು ಎಂದು ಕೂಗಿದರು.

ಪ್ರಾಜಕ್ತಾ ಹಣೆ ಒತ್ತಿಕೊಂಡಳು. ಹಲಗೆಯ ಮೇಲಿದ್ದದ್ದು ಅವಳೇ ಕಟ್ಟಿದ ಲೆಕ್ಕ. ಬೀರುನ ಬಳಿ ಮಾಳುಗಿಂತ ಐದು ಕುರಿ ಹೆಚ್ಚು. ಬೀರುನ ಕುರಿ ಮೂವತ್ತು. ಮಾಳುನವು ಎಷ್ಟು?

"ಹೆಚ್ಚು ಅಂತ ಕಂಡ ಕೂಡ್ಲೇ ಕೂಡಿಸಿಬಿಡೋದೇನು? ಮೊದಲ ಕಥಿ ತಿಳ್ಕೊರಿ. ಯಾರ ಕಡೆ ಹೆಚ್ಚ ಅದಾವು? ನಮಗ ಗೊತ್ತಿಲ್ಲದ್ದು ಯಾರ್ದು? ಅದಕ್ಕ x ಅನ್ರಿ…"

"ಇಪ್ಪತ್ತೈದು!" ಬಾಗಿಲಿನಿಂದ ಗಂಡುದನಿ ಬಂತು.

ಪ್ರಾಜಕ್ತಾ ಗರ್ರನೆ ತಿರುಗಿದಳು. "ನಾ ನಿಮ್ಮನ್ನ ಕೇಳಿಲ್ರಿ!"

ಮಕ್ಕಳು ಕಿಸಕ್ಕನೆ ನಕ್ಕವು. ಬಾಗಿಲಲ್ಲಿದ್ದವನ ಮುಖ ಕೆಂಪಾಯಿತು.

"ತಪ್ಪಾತ್ರಿ ಮೇಡಮ್. ನಾ ಧನಾಜಿ. ಗಣಿತಕ್ಕ… ಇದ ಸಾಲ್ಯಾಗ ಕಲಸಾಕ ನನ್ನ ಆರ್ಡರ್ ಆಗೇತಿ."

ಪ್ರಾಜಕ್ತಾ ತಾಸಿನ ಲೆಕ್ಕದಲ್ಲಿ ಪಾಠ ಹೇಳುವ ಹಂಗಾಮಿ ಟೀಚರ್. ಕಾಯಂ ಶಿಕ್ಷಕ ಬಂದ ದಿನ ಅವಳು ಮನೆಗೆ. ಅದು ಗೊತ್ತಿದ್ದದ್ದೇ… ಆದರೆ ಪಾಠದ ನಡುವೆ, ಮಕ್ಕಳ ಮುಂದೆಯೇ?

ಸೀಮೆಸುಣ್ಣವನ್ನು ಅವನ ಅಂಗೈಯಲ್ಲಿಟ್ಟಳು. "ಹುಡುಗೂರು ಭಾಳ ಚಲೋ ಅದಾವ್ರಿ. ಕೆಡಿಸಬ್ಯಾಡ್ರಿ," ಎಂದು ಹೊರಟವಳು ಮನೆ ಮುಟ್ಟುವವರೆಗೂ ಕಣ್ಣೊರೆಸಿಕೊಳ್ಳಲಿಲ್ಲ. ಹಠ ಅವಳಿಗೆ ಹುಟ್ಟಿನಿಂದಲೇ ಬಂದದ್ದು.

ಕೆಲವು ವಾರ ಕಳೆದ ಮೇಲೆ ಕಾಜಲ್ ಅವಳ ಮನೆಗೆ ಬಂದಳು.

"ಟೀಚರ, ಸರ್ ಬರೇ x ಮಾಡಸ್ತಾರ. ಕುರಿ ಲೆಕ್ಕದಂಥಾ ಮಾತಿನ ಲೆಕ್ಕ ಎಲ್ಲಾ ಬಿಟ್ಟಬಿಟ್ರು."

ಅಷ್ಟು ಸಾಕಾಯಿತು. ಚಪ್ಪಲಿ ಮೆಟ್ಟಿ ಶಾಲೆಗೆ ಹೋದಾಗ ಧನಾಜಿ ಖಾಲಿ ತರಗತಿಯಲ್ಲಿ ಪಾಠದ ಪುಸ್ತಕ ತೆರೆದುಕೊಂಡು ಕುಳಿತಿದ್ದ.

"ಕುರಿ ಕಾಯೋರ ಮಕ್ಕಳಿಗೆ ಇಷ್ಟ ಸಾಕು ಅಂದ್ಕೊಂಡೀರೇನು? ಮಾತಿನ ಲೆಕ್ಕ ಯಾಕ ಬಿಟ್ರಿ?"

ಅವನು ಪುಸ್ತಕ ಮುಚ್ಚಿದ. "ಓದಾಕ ಬರಂಗಿಲ್ರಿ."

"ಯಾರಿಗೆ?"

"ನನಗ."

ಅವನು ಮುಚ್ಚಂಡಿಯವನು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಕಲಿತದ್ದೆಲ್ಲ ಮರಾಠಿ ಶಾಲೆಯಲ್ಲಿ.

"ಮಾತು ಬರತೈತಿ, ಅಕ್ಷರ ಬರಂಗಿಲ್ಲ. ಆರ್ಡರ್ ಕೊಟ್ಟಾವ್ರು ಕೇಳಲಿಲ್ಲ… ನಾನೂ ಹೇಳಲಿಲ್ಲ. ಕಾದು ಕಾದು ಸಿಕ್ಕ ನೌಕರಿ ನೋಡ್ರಿ."

ಅವಳು ಹೆಡ್‌ಮಾಸ್ತರರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಕೆಲಸ ತಿರುಗಿ ಸಿಗುತ್ತಿತ್ತು. ಬದಲಿಗೆ ಅವಳು ಎದುರಿನ ಬೆಂಚಿನ ಮೇಲೆ ಕುಳಿತಳು!

"ಪುಸ್ತಕ ತಗೀರಿ. ಮೊದಲನೇ ಲೆಕ್ಕ ಓದ್ರಿ. ಲಗೂನ!"

ಹಾಗೆ ಶುರುವಾಯಿತು. ಶಾಲೆ ಬಿಟ್ಟ ಮೇಲೆ ದಿನಾಲೂ ಪಾಠ. ಒತ್ತಕ್ಷರ ಬಂದರೆ ಅವನಿಗೆ ಬೆವರು, ಅವಳಿಗೆ ನಗು. ಒಂದು ಸಂಜೆ, ಮೂರು ದಿನ ತಡವರಿಸಿದ್ದ ತಾಯಿ ಮಗಳ ವಯಸ್ಸಿನ ಲೆಕ್ಕವನ್ನು ಮೊದಲ ಸಲ ಎಲ್ಲೂ ನಿಲ್ಲದೆ ಓದಿ ಮುಗಿಸಿ ತಲೆಯೆತ್ತಿದ. ಅವಳು ಪುಸ್ತಕ ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದಳು.

'ಅಯ್ಯೋ ದೇವರೇ… ಇವರ ಮುಖ ನೋಡದೆ ನನಗೆ ಸಂಜೆಯೇ ಆಗುವುದಿಲ್ಲವಲ್ಲ!'

ಅವನಿಗೂ ಹಾಗೆಯೇ ಆಗಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಅವಳು ಬರುತ್ತಿದ್ದದ್ದು ಶಾಲೆಯ ಹಿಂದಿನ ಕಾಲುದಾರಿಯಿಂದ. ಯಾಕೆಂದು ಕೇಳಬೇಕೇ? ಧನಾಜಿ ಬೌದ್ಧರ ಓಣಿಯವನು, ಬೌದ್ಧ ಧರ್ಮ ಸೇರಿದ ದಲಿತರ ಪೈಕಿ. ಅವಳ ತಂದೆ, ಕುರಿಗಾರ ಧೂಳಪ್ಪ ಮಗಳನ್ನು ಓದಿಸಿದ್ದ, ಟೀಚರ್ ಮಾಡಿದ್ದ. ಅವನ ಉದಾರತನ ಅಲ್ಲಿಗೇ ಮುಗಿಯುತ್ತಿತ್ತು.

ಅಷ್ಟರಲ್ಲಿ ಸರ್ ಮಾತಿನ ಲೆಕ್ಕ ಕಲಿಸುತ್ತಿಲ್ಲವೆಂದು ಪಾಲಕರು ದೂರು ಕೊಟ್ಟರು. ಕೊಡದೆ ಏನು ಮಾಡಿಯಾರು? ಮಕ್ಕಳ ಪರೀಕ್ಷೆ ಹತ್ತಿರ ಬಂದಿತ್ತು.

ಶಿಕ್ಷಣ ಇಲಾಖೆಯ ಸಾಹೇಬರು ವಿಚಾರಣೆಗೆ ಬಂದರು. ವರಾಂಡದ ತುಂಬ ಪಾಲಕರು, ಮಕ್ಕಳು, ಅವರ ನಡುವೆ ಧೂಳಪ್ಪ. ಮೊದಲಿನ ಟೀಚರ್ ಎಂದು ಪ್ರಾಜಕ್ತಾಳನ್ನೂ ಕರೆಸಿದ್ದರು.

"ನೀವ ಹೇಳ್ರಿ ಟೀಚರ. ಇವರಿಗೆ ಕನ್ನಡ ಪುಸ್ತಕ ಓದಿ ಕಲಸಾಕ ಬರತೈತೇನು?"

ಧನಾಜಿ ಅವಳನ್ನು ನೋಡಿದ. ಕಾಜಲ್ ಕೂಡ ಅವಳನ್ನೇ ನೋಡುತ್ತಿದ್ದಳು.

"ಇಲ್ರಿ… ಬರಂಗಿಲ್ಲ."

ಅವನು ತಲೆ ತಗ್ಗಿಸಿದ. ಆ ವಾರವೇ ಅವನನ್ನು ಮುಚ್ಚಂಡಿಯ ಮರಾಠಿ ಶಾಲೆಗೆ ಕಳಿಸಿದರು. ಸೀಮೆಸುಣ್ಣ ಮತ್ತೆ ಅವಳ ಕೈಗೆ ಬಂತು. "ಶಾಣ್ಯಾ ಹುಡುಗಿ, ಜಾಗಾ ಬಿಡಲಿಲ್ಲ!" ಎಂದು ಊರು ಹೊಗಳಿತು. ಆ ಹೊಗಳಿಕೆ ಅವಳಿಗೆ ವಿಷದಂತೆ ಇಳಿಯಿತು.

ಮಕ್ಕಳು ಮಾತಿನ ಲೆಕ್ಕ ಬಿಡಿಸತೊಡಗಿದರು. ಧನಾಜಿ ಮಾತ್ರ ಅವಳ ಫೋನ್ ಎತ್ತಲೇ ಇಲ್ಲ.

ದೀಪಾವಳಿ ಸೂಟಿ ಮುಗಿದ ಮೇಲೆ ಒಂದು ದಿನ ಅವಳು ರಜೆ ಹಾಕಿ ಮುಚ್ಚಂಡಿಯ ಬಸ್ಸು ಹತ್ತಿದಳು. ಮಧ್ಯಾಹ್ನದ ಬಿಡುವು. ಬೇವಿನ ಮರದ ಕಟ್ಟೆಯ ಮೇಲೆ ಅವನೊಬ್ಬನೇ ಕುಳಿತಿದ್ದ.

"ಯಾಕ ಬಂದ್ರಿ ಮೇಡಮ್? ನಿಮ್ಮ ಜಾಗಾ ನಿಮಗ ಸಿಕ್ತಲ್ಲ."

"ಜಾಗಾಕ್ಕಂತ ಹೇಳಿಲ್ರಿ! ಹುಡುಗೂರ ಮುಂದ ಸುಳ್ಳ ಹೇಳಾಕ ಆಗಲಿಲ್ಲ…"

"ಗೊತ್ತೈತಿ. ಖರೇ ಹೇಳಿದ್ದಕ್ಕ ನನಗ ಸಿಟ್ಟಿಲ್ಲ."

"ಮತ್ತ?"

"ಬರಂಗಿಲ್ಲ ಅಂದ್ರಿ. ಕಲ್ಯಾಕತ್ತಾರ, ನಾನ ಕಲಸಾಕತ್ತೀನಿ ಅಂತ ಯಾಕ ಅನ್ನಲಿಲ್ಲ?"

ಈ ಪ್ರಶ್ನೆಯನ್ನು ಪ್ರಾಜಕ್ತಾ ತನ್ನನ್ನು ತಾನು ಕೇಳಿಕೊಂಡಿರಲೇ ಇಲ್ಲ. ಕೇಳಿಕೊಳ್ಳುವ ಧೈರ್ಯವಿರಲಿಲ್ಲ.

"ಅಪ್ಪ… ಅಪ್ಪ ಅಲ್ಲೇ ನಿಂತಿದ್ದ."

"ಹೂಂ. ನಿಮ್ಮಪ್ಪ ನಿಂತಿದ್ರು. ನಾನೂ ಅಲ್ಲೇ ನಿಂತಿದ್ದೆ."

ಅವನು ದನಿಯೇರಿಸಲಿಲ್ಲ. ಏರಿಸಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

"ಹೆದರಿದೆ," ಎಂದಳು ಅವಳು. "ನಿಮ್ಮ ಕೂಡ ಕುಂದರತಿದ್ದೆ ಅಂತ ಊರಿಗೆ ತಿಳಿದ್ರ ಹೆಂಗ ಅಂತ ಹೆದರಿದೆ. ಆದ್ರ ನನಗ ನೀವು ಬೇಕ್ರಿ… ನೀವ ಬೇಕು!"

"ಇಲ್ಲಿ ಹೇಳೂದು ಸರಳರಿ. ಇಲ್ಲಿ ಯಾರು ಕೇಳಾವ್ರದಾರ?"

ಅವಳು ಪರ್ಸಿನಿಂದ ಫೋನ್ ತೆಗೆದಳು. ಅವನಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಅಪ್ಪಾ… ನಾ ಮುಚ್ಚಂಡ್ಯಾಗದೀನಿ. ಧನಾಜಿ ಸರ್ ಕಡೆ. ಅವರಿಗೆ ಕನ್ನಡ ಕಲಸತಿದ್ದಾಕಿ ನಾನ. ನಾ ಅವರ್ನ ಲಗ್ನ ಆಗಾಕಿ."

ಆ ಕಡೆಯಿಂದ ಕುರಿಗಳ ಸದ್ದಿನ ನಡುವೆ ಧೂಳಪ್ಪನ ದನಿ ಬಂತು.

"ಅಂವಾ ಯಾರ ಪೈಕಿ, ಗೊತ್ತೈತಿಲ್ಲ ನಿನಗ?"

"ಗೊತ್ತೈತಿ."

"ಹಂಗಾರ ನನ್ನ ಹೊಸ್ತಿಲಾ ತುಳೀಬ್ಯಾಡ."

ಫೋನ್ ಕಟ್ ಆಯಿತು. ಪ್ರಾಜಕ್ತಾ ಅದನ್ನು ಪರ್ಸಿಗೆ ಹಾಕಿದಳು. ಧನಾಜಿಯ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ.

"ನಾ ಇದನ್ನ ಕೇಳಿದ್ದಲ್ಲ ಪ್ರಾಜಕ್ತಾ…"

"ಗೊತ್ತೈತ್ರಿ. ಆ ದಿನಾನ ಹೇಳಬೇಕಿತ್ತು."

ಅವನು ಕಟ್ಟೆಯ ಮೇಲಿದ್ದ ಬುತ್ತಿಯನ್ನು ಹತ್ತಿರ ಎಳೆದುಕೊಂಡ.

"ಮುಂಜಾನಿಂದ ಏನರ ತಿಂದೀರೇನು?"

ಅವಳು ತಲೆಯಾಡಿಸಿದಳು, ಇಲ್ಲವೆಂದು.

"ಬರ್ರಿ. ಕುಂದ್ರಿ."

ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಕೆಂಪು ಚಟ್ನಿ ಹಚ್ಚಿ ಅವಳತ್ತ ಚಾಚಿದ ಅವನ ಕೈ ಅರ್ಧಕ್ಕೇ ನಿಂತಿತು.

"ನಮ್ಮವ್ವ ಮಾಡಿದ್ದು…" ಎಂದ, ಹೇಳಲೋ ಬೇಡವೋ ಎಂಬಂತೆ.

ಅಪ್ಪನ ಮಾತಿಗೆ ಬಾರದ ಅಳು ಆ ಅರ್ಧಕ್ಕೆ ನಿಂತ ಕೈ ನೋಡಿ ಒತ್ತರಿಸಿ ಬಂತು. ಅವನ ಬೆರಳಿನಿಂದಲೇ ತುತ್ತು ತೆಗೆದುಕೊಂಡು ಬಾಯಿಗಿಟ್ಟಳು.

"ಖಾರ ಭಾಳ ಐತ್ರಿ," ಎಂದಳು, ಕಣ್ಣೀರು ಒರೆಸಿಕೊಳ್ಳದೆ.

"ಖಾರಕ್ಕ ಅಳಾಕತ್ತೀರೇನು?"

"ಹಂಗಂತ ತಿಳ್ಕೊರಿ. ಇನ್ನೊಂದ ತುತ್ತು ಕೊಡ್ರಿ."