ಪಂದ್ಯದ ದಿನದ ಅನ್ನ

"ಅಡುಗೆ ಮಾಡಿಟ್ಟು ಹೊರಡಿ. ಬಂದಮೇಲೆ ನಾನೇ ಬಿಸಿ ಮಾಡಿಕೊಳ್ಳುತ್ತೇನೆ. ದಯವಿಟ್ಟು ಕಾಯಬೇಡಿ."

ಗುರುವಾರವೂ ಇತ್ಸುಕಿಯಿಂದ ಅದೇ ಮೆಸೇಜು. ಚಿಜುರು ಮೊಬೈಲನ್ನು ಮಗುಚಿಟ್ಟು ಬಂಗುಡೆ ಮೀನಿಗೆ ಉಪ್ಪು ಸವರತೊಡಗಿದಳು. ಬೇಕಾದ್ದಕ್ಕಿಂತ ಹೆಚ್ಚೇ ಸವರಿದಳು.

ಇದೆಲ್ಲ ಶುರುವಾದದ್ದು ರೈನ್ ನದಿಯ ದಂಡೆಯ ಆ ಸಂಜೆಯ ನಂತರ. ಇಬ್ಬರೂ ಮಾರ್ಕೆಟ್ಟಿನಿಂದ ಬರುತ್ತಿದ್ದರು. ಗಾಳಿಗೆ ಅವಳ ಕೂದಲು ಮುಖದ ತುಂಬ ಹಾರಾಡುತ್ತಿತ್ತು, ಎರಡೂ ಕೈಯಲ್ಲಿ ಚೀಲ. ಇತ್ಸುಕಿ ನಾಗುಮೊ ನಿಂತು, ಒಂದೇ ಬೆರಳಿನಿಂದ ಆ ಕೂದಲನ್ನು ಅವಳ ಕಿವಿಯ ಹಿಂದೆ ಸರಿಸಿದ್ದ. ಆಗ ಅವಳು ನೋಡಿದ ನೋಟವನ್ನು ಅವನು ಓದಿಕೊಂಡಿರಬೇಕು. ಓದಿ ಬೆಚ್ಚಿರಬೇಕು. ಅವಳು ಮೂವತ್ತೆಂಟರ ಹೆಂಗಸು, ಒಂದು ಮದುವೆ ಮುರಿದುಕೊಂಡು ಜಪಾನು ಬಿಟ್ಟು ಡ್ಯೂಸೆಲ್ಡಾರ್ಫ್ ಸೇರಿದವಳು, ಫುಟ್‌ಬಾಲ್ ಆಟಗಾರನಾದ ಅವನ ಮನೆಯಲ್ಲಿ ಸಂಬಳಕ್ಕೆ ಅಡುಗೆ ಮಾಡುವವಳು. ಅವನಿಗಿನ್ನೂ ಇಪ್ಪತ್ತೊಂಬತ್ತು. ಅವನ ಎಡಗಾಲಿನ ಒಂದೊಂದು ಫ್ರೀ ಕಿಕ್ಕಿಗೂ ಜಪಾನಿನ ಪತ್ರಿಕೆಗಳು ಕಾದು ಕೂತಿರುತ್ತವೆ.

"ಇನ್ನೊಂದು ವಾರ ನೋಡ್ತೀನಿ. ಆಮೇಲೆ ನಾನೇ ಬಿಟ್ಟು ಹೋಗ್ತೀನಿ" ಎಂದು ಬಂಗುಡೆಗೆ ಹೇಳಿದಳು.

ಅಷ್ಟರಲ್ಲಿ ಬೀಗದ ಸದ್ದಾಯಿತು. ಅವನು ಬೇಗ ಬಂದಿದ್ದ.

ಅಡುಗೆಮನೆಯಿಂದ ಹೊಸಿಲು ಕಾಣುತ್ತಿತ್ತು. ಇತ್ಸುಕಿ ಶೂ ಬಿಚ್ಚುವ ರೀತಿ ಅವಳಿಗೆ ಬಾಯಿಪಾಠವಾಗಿತ್ತು. ಒಂದು ಹಿಮ್ಮಡಿಯಿಂದ ಇನ್ನೊಂದನ್ನು ಒತ್ತಿ, ಕೈ ಸೋಕಿಸದೆ, ಕೊಕ್ಕರೆಯ ಹಾಗೆ ನಿಂತಲ್ಲೇ ಕಳಚಿ ಒಳಗೆ ಹಾರುತ್ತಿದ್ದ. ಇವತ್ತು ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತ. ಮಲಗಿದ ಮಗುವನ್ನು ಎತ್ತುವ ಹಾಗೆ ಎಡಗಾಲಿನ ಶೂವನ್ನು ಎರಡೂ ಕೈಯಲ್ಲಿ ಎಳೆದ. ಕಣ್ಣು ಮುಚ್ಚಿದ. ಹಣೆಯ ಮೇಲೆ ಬೆವರಿತ್ತು.

"ಯಾವಾಗಿಂದ?" ಎಂದಳು ಚಿಜುರು.

ಅವನು ಬೆಚ್ಚಿ ತಲೆಯೆತ್ತಿದ. "ನೀವಿನ್ನೂ ಹೋಗಿಲ್ವಾ?"

"ಮೀನು ಬೆಂದಿರಲಿಲ್ಲ. ಯಾವಾಗಿಂದ ಅಂತ ಕೇಳಿದೆ."

"ಏನಿಲ್ಲ, ಸುಸ್ತು."

"ಸುಸ್ತು ಎಡಗಾಲಿಗೆ ಮಾತ್ರ ಬರುತ್ತಾ, ನಾಗುಮೊ ಅವರೇ?"

ನಗಲು ನೋಡಿದ, ಆಗಲಿಲ್ಲ. "ನಿಮ್ಮ ಕಣ್ಣಿಗೆ ಬೀಳಬಾರದು ಅಂತಾನೇ ಬೇಗ ಕಳಿಸ್ತಿದ್ದೆ. ಕ್ಲಬ್ಬಲ್ಲಿ ಎಲ್ಲರೂ ಬೆಂಚಿನ ಮೇಲೆ ಕೂತೇ ಶೂ ಬಿಚ್ತಾರೆ, ಯಾರಿಗೂ ಗೊತ್ತಾಗಲ್ಲ. ನಮ್ಮವರ ಹೊಸಿಲಲ್ಲಿ ಮಾತ್ರ ಸಿಕ್ಕಿಬೀಳ್ತೀನಿ."

ಹಾಗಾದರೆ ಅವನು ಮುಚ್ಚಿಟ್ಟದ್ದು ಕಾಲನ್ನು. ದೂರವಿಟ್ಟದ್ದು ತನ್ನನ್ನಲ್ಲ. ಚಿಜುರುವಿನ ಎದೆಯಲ್ಲಿ ಏನೋ ಬೆಚ್ಚಗೆ ಬಿಚ್ಚಿಕೊಂಡಿತು. ಅವನು ನೋವಿನಿಂದ ಹಲ್ಲು ಕಚ್ಚಿ ಕೂತಿರುವಾಗ ತಾನು ಸಂತೋಷಪಡುತ್ತಿದ್ದೇನಲ್ಲ ಎಂದು ಮರುಕ್ಷಣವೇ ನಾಚಿಕೆಯೂ ಆಯಿತು.

ಅವಳು ಕೆಳಗೆ ಕೂತು, ಕಿರುಬೆರಳಿನ ಹಿಂದಿನ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಅವನು ಉಸಿರೆಳೆದುಕೊಂಡ.

ಹಿಂದೆ ಜಪಾನಿನ ಕ್ಲಬ್ಬೊಂದರ ಅಡುಗೆಮನೆಯಲ್ಲಿದ್ದಾಗ ಇದೇ ಮೂಳೆ ಮುರಿದವನನ್ನು ಕಂಡಿದ್ದಳು. ಅವನೂ ನೋವು ನುಂಗಿಕೊಂಡೇ ಆಡಿದ್ದ. ಮೂಳೆ ಕೂಡಲಿಲ್ಲ, ಮತ್ತೆ ಮತ್ತೆ ಮುರಿಯಿತು, ಆಟ ಅಲ್ಲಿಗೇ ಮುಗಿಯಿತು.

"ಇದು ಮೂಳೆಯ ನೋವು. ಡಾಕ್ಟರಿಗೆ ಹೇಳಿ."

"ಶನಿವಾರದ ಪಂದ್ಯ ಆಗಲಿ."

"ಶನಿವಾರ ಯಾಕೆ?"

"ನನ್ನ ಆಟ ನೋಡೋಕೆ ರಾಷ್ಟ್ರೀಯ ತಂಡದ ಕೋಚ್ ಬರ್ತಿದಾರೆ. ವಿಶ್ವಕಪ್ ತಂಡದಲ್ಲಿ ಒಂದೇ ಜಾಗ ಉಳಿದಿದೆ. ಇನ್ನು ನಾಲ್ಕು ವರ್ಷ ಬಿಟ್ಟರೆ ನನ್ನನ್ನ ಯಾರು ಕರೀತಾರೆ?" ಅವನ ದನಿ ಏರಿತು. "ಹೈಸ್ಕೂಲಲ್ಲಿ ನೋವು ಅಂದೋನನ್ನ ಸಾಲಿನ ಕೊನೆಗೆ ಕಳಿಸೋರು. ನಾನು ಒಂದು ದಿನವೂ ಕೊನೆಗೆ ನಿಂತೋನಲ್ಲ."

"ಅದು ಮುರಿದರೆ?"

"ಮುರಿಯಲಿ. ನಿಮಗೇನು? ನೀವು ಅಡುಗೆಯವರು, ಅಡುಗೆ ನೋಡ್ಕೊಳ್ಳಿ."

ಮಾತು ಬಾಯಿಂದ ಬಿದ್ದಮೇಲೆ ಅವನ ಮುಖ ಬಿಳುಚಿಕೊಂಡಿತು. ಅವಳು ಎದ್ದು ಒಲೆ ಆರಿಸಿ ಕೋಟು ಹಾಕಿಕೊಂಡಳು.

"ಮೀನಿಗೆ ಉಪ್ಪು ಜಾಸ್ತಿಯಾಗಿದೆ. ಅನ್ನದ ಜೊತೆ ತಿನ್ನಿ" ಎಂದು ಹೊರಟಳು.

*

ಶುಕ್ರವಾರ ಅಭ್ಯಾಸದ ಮೈದಾನದ ಗೇಟಿಗೆ ಬುತ್ತಿ ಕೊಡಲು ಹೋದಾಗ ತಂಡದ ನಾಯಕ ಮಾಲ್ಟೆ ಎದುರಾದ. ತೆಂಗಿನಮರದಂಥ ಜರ್ಮನ್ ಆಳು. ಅವಳ ಡಬ್ಬಿಯಿಂದ ಒಂದು ಅನ್ನದುಂಡೆ ಕದಿಯದೆ ಅವಳನ್ನು ಬಿಟ್ಟವನಲ್ಲ.

"ಚಿಜು, ಇವತ್ತು ಒಳಗೆ ಏನಿಟ್ಟಿದೀಯ? ಸಾಲ್ಮನ್ನಾ? ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ." ಬಾಯಿ ತುಂಬ ಅನ್ನವಿಟ್ಟುಕೊಂಡೇ ದನಿ ತಗ್ಗಿಸಿದ. "ಒಂದು ಕೇಳ್ತೀನಿ. ನಮ್ಮ ಇತ್ಸು ಎಡಕ್ಕೆ ತಿರುಗ್ತಾನೇ ಇಲ್ಲ. ಚೆಂಡು ಎಡಕ್ಕೆ ಹೋದರೆ ಊರೆಲ್ಲ ಸುತ್ತಿ ಬರ್ತಾನೆ. ಕಾಲು ಸರಿಯಿದೆಯಾ?"

ಹೇಳಿಬಿಟ್ಟರೆ ಮುಗಿಯಿತು. ಕಾಲು ಉಳಿಯುತ್ತದೆ. ಆದರೆ ಅವನು ಜೀವಮಾನದಲ್ಲಿ ಅವಳ ಮುಖ ನೋಡಲಾರ. ಅದಕ್ಕಿಂತ ಹೆಚ್ಚಾಗಿ, ಅವನ ನೋವನ್ನು ಅವನಿಗಿಂತ ಮೊದಲು ಊರಿಗೆ ಹಂಚಿದವಳಾಗುತ್ತಾಳೆ. ಹಿಂದೆ ಅವಳ ಗಂಡ ಅವಳ ಪರವಾಗಿ ಎಲ್ಲವನ್ನೂ ತಾನೇ ಹೇಳುತ್ತಿದ್ದ. ತನ್ನ ಬಾಯಿ ಇನ್ನೊಬ್ಬರ ಕೈ ಸೇರಿದರೆ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

"ಅವರನ್ನೇ ಕೇಳು" ಎಂದಳು.

"ಕೇಳಿದೆ. 'ಚೆನ್ನಾಗಿದೀನಿ' ಅಂತ ತಲೆ ಬಗ್ಗಿಸಿದ. ನಿಮ್ಮೋರು ಸಾಯೋವಾಗಲೂ ಹಾಗೇ ಅಂತಾರೇನು?" ಮಾಲ್ಟೆ ನಗಲಿಲ್ಲ. "ನೋಡು, ನಮ್ಮಲ್ಲಿ ನೋವು ಮುಚ್ಚಿಟ್ಟು ಆಡೋನನ್ನ ಶೂರ ಅನ್ನಲ್ಲ. ತಂಡಕ್ಕೆ ಸುಳ್ಳು ಹೇಳಿದ ಅಂತೀವಿ."

*

ಶನಿವಾರ ಬೆಳಿಗ್ಗೆ ಇತ್ಸುಕಿ ಕೋಣೆಯಿಂದ ಬಂದಾಗ ಮನೆಯಲ್ಲಿ ಅನ್ನದ ಹಬೆಯ ವಾಸನೆ ಇರಲಿಲ್ಲ. ಚಿಜುರು ಕೋಟು ಬಿಚ್ಚದೆ ಖಾಲಿ ಮೇಜಿನ ಮುಂದೆ ಕೂತಿದ್ದಳು.

"ಕುಕ್ಕರ್ ಕೆಟ್ಟಿದೆಯಾ?"

"ಇಲ್ಲ. ಇವತ್ತು ನಾನು ಅಡುಗೆ ಮಾಡಲ್ಲ."

"ಪಂದ್ಯದ ದಿನ!"

"ಅದಕ್ಕೇ. ಯಾರಿಗೂ ನಿಮ್ಮ ಕಾಲಿನ ವಿಷಯ ಹೇಳಿಲ್ಲ, ಹೇಳೋದೂ ಇಲ್ಲ. ಕಾಲು ನಿಮ್ಮದು, ಬಾಯೂ ನಿಮ್ಮದು. ಆದರೆ ಮುರಿಯೋಕೆ ಹೊರಟ ಮೂಳೆಗೆ ನಾನು ಅನ್ನ ಬೇಯಿಸಿ ಕಳಿಸಲ್ಲ. ಇದರಲ್ಲಿ ನನ್ನ ಕೈ ಇರೋದು ಬೇಡ."

ಅವನು ಅವಳನ್ನೇ ನೋಡಿದ. ನದಿಯ ದಂಡೆಯ ಆ ಸಂಜೆಯ ಅಕ್ಕರೆ ಆ ನೋಟದಲ್ಲಿತ್ತೇ, ಸಿಟ್ಟಿತ್ತೇ, ಅವಳಿಗೆ ತಿಳಿಯಲಿಲ್ಲ. ತಿಳಿಯುವಷ್ಟು ಹೊತ್ತು ನೋಡುವ ಧೈರ್ಯ ಅವಳಿಗಿರಲಿಲ್ಲ. ಅವನು ಬ್ಯಾಗು ಹೆಗಲಿಗೇರಿಸಿ, ಒಂದು ಲೋಟ ನೀರನ್ನೂ ಕುಡಿಯದೆ ಹೊರಟುಹೋದ.

ಬಾಗಿಲು ಮುಚ್ಚಿದ ಮೇಲೆ ಅವಳು ಅವನ ಏಜೆಂಟಿಗೆ ಫೋನ್ ಮಾಡಿ ಎರಡು ಮಾತಾಡಿದಳು. ಆಮೇಲೆ ಸ್ಟೇಡಿಯಮ್ಮಿನ ರೈಲು ಹತ್ತಿದಳು.

*

ಬೋರ್ಡಿನ ಮೇಲೆ ಹನ್ನೊಂದು ಜನರ ಹೆಸರು ಬಂತು. ಅವನದೂ ಇತ್ತು.

ಚಿಜುರು ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಕೆಳಗೆ ಆಟಗಾರರು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಇತ್ಸುಕಿ ಚೆಂಡಿಟ್ಟು ಹಿಂದೆ ಸರಿದು ಎಡಗಾಲಲ್ಲಿ ಹೊಡೆದ. ಚೆಂಡು ಬಾಗಿ ಬಾಗಿ ಗೋಲಿನ ಮೇಲ್ಮೂಲೆಗೆ ನುಗ್ಗಿತು. ಜನ ಹುಯ್ಯೆಂದರು. ಅವಳ ಪಕ್ಕದ ಜಪಾನಿ ಹುಡುಗಿಯರು ಎದ್ದು ಕುಣಿದರು.

ಅವನು ಮಾತ್ರ ಸೊಂಟದ ಮೇಲೆ ಕೈಯಿಟ್ಟು, ಎಲ್ಲರಿಗೂ ಬೆನ್ನು ಮಾಡಿ ನಿಂತ. ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಇನ್ನೊಂದು ಚೆಂಡಿಗೆ ಕೈ ಚಾಚುತ್ತಾನೆ ಅಂದುಕೊಂಡಳು. ಚಾಚಿದ. ಚೆಂಡನ್ನು ಎತ್ತಿಕೊಂಡು ಕುಂಟುತ್ತ ಮಾಲ್ಟೆಯ ಹತ್ತಿರ ನಡೆದ. ಈ ಸಲ ಕುಂಟುವುದನ್ನು ಮುಚ್ಚಿಡಲಿಲ್ಲ.

ಮಾಲ್ಟೆ ಅವನ ಕತ್ತಿನ ಹಿಂದೆ ಕೈಯಿಟ್ಟು ಹಣೆಗೆ ಹಣೆ ತಾಗಿಸಿದ. ಇಬ್ಬರೂ ಡಾಕ್ಟರ ಕಡೆ ಹೊರಟರು. ಗಣ್ಯರ ಸಾಲಿನಲ್ಲಿ ಕಪ್ಪು ಕೋಟಿನ ಜಪಾನಿ ಹಿರಿಯರೊಬ್ಬರು ಎದ್ದು ನಿಂತರು, ಆಮೇಲೆ ಕೂತರು.

*

ಆಸ್ಪತ್ರೆಯ ಸ್ಕ್ಯಾನಿನಲ್ಲಿ ಮೂಳೆಯ ಬಿರುಕು ಕೂದಲೆಳೆಯಂತೆ ಕಂಡಿತಂತೆ. ಪೂರ್ತಿ ಮುರಿಯಲು ಇನ್ನೊಂದು ಜೋರು ತಿರುವು ಸಾಕಿತ್ತು ಎಂದರಂತೆ ಡಾಕ್ಟರು. ಸೋಮವಾರ ಆಪರೇಷನ್. ಆಟಕ್ಕೆ ಮರಳಬಹುದು, ಆದರೆ ಈ ವಿಶ್ವಕಪ್ಪಿಗಲ್ಲ.

ಕಾರಿಡಾರಿನಲ್ಲಿ ಕಾಯುತ್ತಿದ್ದ ಅವಳ ಪಕ್ಕ ಅವನು ಊರುಗೋಲು ಒರಗಿಸಿ ಕೂತು, ಮೊಬೈಲನ್ನು ಮುಂದೆ ಹಿಡಿದ. ಮಾಲ್ಟೆಯ ಮೆಸೇಜು: "ಸೋತ್ವಿ. ಎಲ್ಲಾ ನಿನ್ನಿಂದಾನೇ. ಬೇಗ ಹುಷಾರಾಗು, ಕತ್ತೆ."

"ಆ ಚೆಂಡು ಹೊಡೆದಾಗ ಕಣ್ಣು ಕತ್ತಲಾಯ್ತು" ಎಂದ ಇತ್ಸುಕಿ. "ಅಷ್ಟು ಜನ ಚಪ್ಪಾಳೆ ಹೊಡೀತಿದ್ರು. ಬೇಡ ಅಂತ ನನ್ನನ್ನ ಉಪವಾಸ ಕಳಿಸಿದೋರು ನೀವೊಬ್ಬರೇ ಅಂತ ನೆನಪಾಯ್ತು. ಆಮೇಲೆ ಇನ್ನೊಂದು ಹೊಡೆಯೋಕಾಗಲಿಲ್ಲ. ಮೊನ್ನೆ ಆಡಿದ ಮಾತಿಗೆ... ಕ್ಷಮಿಸಿ."

"ನಾಳೆಯಿಂದ ನಾನು ಕೆಲಸಕ್ಕೆ ಬರಲ್ಲ. ಏಜೆಂಟಿಗೆ ಬೆಳಿಗ್ಗೆಯೇ ಹೇಳಿದೆ."

ಅವನ ಮುಖ ಇಳಿಯಿತು. "ನಾನು ಅಷ್ಟು ನೋಯಿಸಿದ್ನಾ?"

"ಅದಕ್ಕಲ್ಲ." ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ಸಂಬಳ ತಗೊಳ್ಳೋಳು ಈ ಮಾತು ಆಡಬಾರದು. ಅದಕ್ಕೆ ಕೆಲಸ ಬಿಟ್ಟು ಹೇಳ್ತಿದೀನಿ. ನಿಮ್ಮ ಕಾಲು ಮುರಿದರೆ ನನಗೇನು ಅಂತ ಕೇಳಿದ್ರಲ್ಲ. ಎರಡು ರಾತ್ರಿ ನಿದ್ದೆ ಬಂದಿಲ್ಲ. ಆಡದೇ ಇದ್ರೂ ನೀವು ನನಗೆ ಬೇಕು. ಅಷ್ಟೇ."

ಇತ್ಸುಕಿ ಊರುಗೋಲು ಹಿಡಿದು ಏಳಲು ಒದ್ದಾಡಿದ.

"ಏನ್ಮಾಡ್ತಿದೀರ! ಕೂತ್ಕೊಳ್ಳಿ."

"ಇಂಥ ಮಾತು ನಿಂತೇ ಹೇಳಬೇಕು." ಒಂಟಿಕಾಲಲ್ಲಿ ತೂರಾಡುತ್ತ, ಪರೀಕ್ಷೆಗೆ ನಿಂತ ಹುಡುಗನಂತೆ ಬೆನ್ನು ನೆಟ್ಟಗೆ ಮಾಡಿ, ತಲೆ ಬಾಗಿಸಿದ. "ಚಿಜುರು ಅವರೇ, ನೀವಂದ್ರೆ ನನಗೆ ತುಂಬಾ ಇಷ್ಟ. ನನ್ನ ಜೊತೆ ಇರ್ತೀರಾ?"

ಅವನು ಅವಳ ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಹಾದುಹೋಗುತ್ತಿದ್ದ ನರ್ಸ್ ನಿಂತು ನೋಡಿದಳು.

"ನನಗೆ ಮೂವತ್ತೆಂಟು" ಎಂದಳು ಚಿಜುರು.

"ನನಗೆ ಒಂದೇ ಕಾಲು. ಸರಿಹೋಯ್ತಲ್ಲ."

ಅವಳಿಗೆ ನಗು ಬಂತು. ನಗುತ್ತಲೇ ಅವನ ತೋಳು ಹಿಡಿದು ಕೂರಿಸಿದಳು, ಹಿಡಿದ ಕೈ ಬಿಡಲಿಲ್ಲ. "ಇರ್ತೀನಿ" ಎಂದಳು.

ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ. ಕೆಳಗಿನ ಕ್ಯಾಂಟೀನಿನಲ್ಲಿ ಕರಿದ ಆಲೂಗಡ್ಡೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಕಾಗದದ ತಟ್ಟೆಯನ್ನು ನಡುವೆ ಇಟ್ಟುಕೊಂಡು ಕೂತರು. ಎರಡು ತುತ್ತು ತಿಂದವನು ಮೂರನೆಯದನ್ನು ತಟ್ಟೆಗೇ ಇಳಿಸಿದ. ಭುಜಗಳು ಅಲುಗತೊಡಗಿದವು. ಕೈ ತಪ್ಪಿ ಹೋದದ್ದು ಈಗ ಅವನ ಮೇಲೆ ಬಂದು ಬಿದ್ದಿತ್ತು. ಚಿಜುರು ಸಮಾಧಾನದ ಮಾತು ಹೇಳಲಿಲ್ಲ. ಯಾರಿಗೂ ಅವನ ಮುಖ ಕಾಣದಂತೆ ಕುರ್ಚಿ ಸರಿಸಿ, ಅಡ್ಡಲಾಗಿ ಕೂತು, ಅವನಿಗೆ ಬೇಕಾದಷ್ಟು ಹೊತ್ತು ಅಳಲು ಬಿಟ್ಟಳು.

ಕೊನೆಗೆ ಅವನು ತೋಳಿನಿಂದ ಮುಖ ಒರೆಸಿಕೊಂಡು ತಟ್ಟೆ ನೋಡಿದ. "ಫೋರ್ಕ್ ಒಂದೇ ಇದೆ."

"ಇರಲಿ. ಮೊದಲು ನೀನು ತಿನ್ನು" ಎಂದಳು ಚಿಜುರು. "ನಮಗೇನು ಅವಸರ?"