ಬಿಳಿಯಾಗಿಯೇ ಉಳಿದ ಹತ್ತಿ

ಅವರಿಬ್ಬರ ನಡುವೆ ಮೊದಲು ಕೈ ಬದಲಾದದ್ದು ಒಂದು ಕಫದ ಡಬ್ಬಿ. ಪ್ರೀತಿ ಎಲ್ಲಿಂದ ಬೇಕಾದರೂ ಚಿಗುರೀತು. ಮೇಲಿರುವವನಿಗೆ ಅದರಲ್ಲಿ ಮಡಿಮೈಲಿಗೆಯಿಲ್ಲ.

ಆತ ಬೀಗ ರಿಪೇರಿಯವನು. ರಸ್ತೆಯ ತಿರುವಿನಲ್ಲಿ ಒಂದು ಬಾಗಿಲಿನಷ್ಟೇ ಅಗಲದ ಅಂಗಡಿ. ಮೂರು ವಾರದಿಂದ ಬಿಡದ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ. ಅಮ್ಮ ಬೈದು ಕಳಿಸಿದ್ದಕ್ಕೆ ಕ್ಷಯರೋಗದ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದ. ಅಲ್ಲಿನ ನರ್ಸ್ ಅವನ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, ಹಾಗೇ ವಾಪಸು ಕೊಟ್ಟಳು.

"ಇದು ಬರೀ ಉಗುಳು. ನನಗೆ ಬೇಕಾಗಿರೋದು ಕಫ. ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ತನ್ನಿ."

"ಎದೆಯಾಳದಿಂದ ಏನಾದ್ರೂ ತಗೊಂಡು ಬಾ ಅಂತ ಇದುವರೆಗೂ ಯಾರೂ ಕೇಳಿರ್ಲಿಲ್ಲ," ಎಂದ ಆತ.

ಮಾಸ್ಕಿನ ಮೇಲೆ ಅವಳ ಕಣ್ಣೆರಡೇ ಕಾಣುತ್ತಿದ್ದವು. ಅವು ನಗಲಿಲ್ಲವೆಂದುಕೊಂಡು ಆತ ಪೆಚ್ಚಾಗಿ ಇಳಿದುಹೋದ. ನಕ್ಕಿದ್ದವು.

ಮರುದಿನದ ಕಫದಲ್ಲಿ ಕ್ಷಯದ ಕ್ರಿಮಿ ಸಿಕ್ಕಿತು. ಅವಳು ಅವನನ್ನು ತೆರೆದ ಕಿಟಕಿಯ ಪಕ್ಕ ಕೂರಿಸಿ ಎಲ್ಲ ಹೇಳಿದಳು. ಆರು ತಿಂಗಳು, ದಿನಾ ಬೆಳಿಗ್ಗೆ ಗುಳಿಗೆ, ಒಂದು ದಿನವೂ ತಪ್ಪುವಂತಿಲ್ಲ. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಕೆಲವರಿಗೆ ಕಣ್ಣೀರು ಕೂಡ. ಹೆದರಬೇಕಿಲ್ಲ, ಔಷಧಿ ಮೈಯೊಳಗೆ ಓಡಾಡುತ್ತಿರುವ ಗುರುತು ಅದು. ಮನೆಯಲ್ಲಿ ಅವನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆಂದು ತಿಳಿದಾಗ ಅವನ ಅಮ್ಮನನ್ನೂ ಕರೆಸಿದಳು. ಈ ರೋಗ ಹರಡುವುದು ಉಸಿರಿನಿಂದ, ತಟ್ಟೆಯಿಂದಲ್ಲ. ಸದ್ಯಕ್ಕೆ ಮಾಸ್ಕ್ ಹಾಕಲಿ, ಕಿಟಕಿ ತೆರೆದಿರಲಿ ಎಂದು ಸಮಾಧಾನವಾಗಿ ತಿಳಿಸಿದಳು. ಅಂದಿನಿಂದ ಆ ತಾಯಿ ಮಗನ ಜೊತೆಯಲ್ಲೇ ಕೂತು ಉಂಡರು.

ಪ್ರತಿ ಸೋಮವಾರ ಆತ ಗುಳಿಗೆ ಬಿಡಿಸಿದ ಖಾಲಿ ಪಟ್ಟಿಗಳನ್ನು ತಂದೊಪ್ಪಿಸಿ ಮುಂದಿನ ವಾರದ ಗುಳಿಗೆ ಒಯ್ಯಬೇಕು. ಹತ್ತು ನಿಮಿಷದ ಕೆಲಸ ಅರ್ಧ ಗಂಟೆಗೆ ಬೆಳೆಯಿತು. ಅವಳ ಕಪಾಟಿನ ಬೀಗಕ್ಕೆ ಎಣ್ಣೆ ಬಿಡುವ ನೆಪ, ಮೇಜಿನ ಖಾನೆ ಬಿಗಿಯಾಗಿದೆಯೆಂಬ ನೆಪ. ಆಸ್ಪತ್ರೆಗೆ ಬರುವವರೆಲ್ಲ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಆತ ಮಾತ್ರ "ಇಲ್ನೋಡಿ", "ಕೇಳಿದ್ರಾ" ಎಂದು ಸುತ್ತುಬಳಸಿ ಮಾತಾಡುತ್ತಿದ್ದ. ಅಲ್ಲಿ ಮೂವತ್ತು ವರ್ಷ ಸವೆಸಿದ್ದ ದೊಡ್ಡ ಸಿಸ್ಟರ್ ಇದನ್ನು ಗಮನಿಸದೆ ಬಿಡುವವರಲ್ಲ. "ಈ ಮಹಾರಾಯನ ನಾಲಿಗೆಗೆ ಆ ಒಂದು ಪದ ಹತ್ತೋದೇ ಇಲ್ವಲ್ಲೇ," ಎಂದು ಕೆಣಕಿದರು. ಅವಳು ತಲೆ ತಗ್ಗಿಸಿ ಖಾಲಿ ಪಟ್ಟಿ ಎಣಿಸಿದಳು.

ಎರಡು ತಿಂಗಳಿಗೆ ಕಫ ಶುದ್ಧವಾಯಿತು. ಆ ಖುಷಿಯಲ್ಲಿ ಅವಳ ಬಾಯಿಂದ ಒಂದು ತಮಾಷೆ ಜಾರಿತು: ಇನ್ನು ನಾಲ್ಕೇ ತಿಂಗಳು, ಗುಳಿಗೆ ಮುಗಿದ ಮೇಲೆ ಈ ಮೆಟ್ಟಿಲು ಹತ್ತುವ ಕಷ್ಟ ನಿಮಗಿಲ್ಲ. ಆತ ನಗಲಿಲ್ಲ. ಅದನ್ನು ಅವಳು ಗಮನಿಸಲೂ ಇಲ್ಲ.

ಮೂರು ವಾರ ಕಳೆದವು. ಒಂದು ಸೋಮವಾರ ಆತ ಕೆಂಪಗಾದ ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಬಂದ. ಕೀಲಿಯನ್ನು ಅರದಿಂದ ಉಜ್ಜುವಾಗ ಲೋಹದ ಪುಡಿ ಸಿಡಿದಿತ್ತು. ಅವಳು ಅವನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ರೆಪ್ಪೆಯನ್ನು ಬೆರಳ ತುದಿಯಲ್ಲಿ ಮೆಲ್ಲನೆ ಎತ್ತಿದಳು. ಇಷ್ಟು ಹತ್ತಿರ ಅವರು ಎಂದೂ ಇದ್ದಿರಲಿಲ್ಲ. ನೋಯುವ ಕಣ್ಣಿನಲ್ಲೂ ಆತ ಅವಳನ್ನೇ ನೋಡುತ್ತಿದ್ದ. ಅವಳ ಕಿವಿ ಬಿಸಿಯಾಯಿತು. ಧಾರೆಯಾಗಿ ಇಳಿದ ಕಣ್ಣೀರನ್ನು ಹತ್ತಿಯಲ್ಲಿ ಒರೆಸಿದಳು, ಕಣದಷ್ಟು ಲೋಹ ಹೊರಬಂತು.

ಹತ್ತಿ ಬಿಳಿಯಾಗಿಯೇ ಇತ್ತು.

ಮೊದಲ ತಿಂಗಳು ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡ ಅವನ ಕರವಸ್ತ್ರ ಕೇಸರಿಯಾಗಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಇವತ್ತು ಗುಳಿಗೆ ತಗೊಂಡ್ರಾ?"

ಆತ ಚೀಲದಿಂದ ಸ್ಕ್ರೂ ಹಾಕಿಡುವ ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಹತ್ತು ದಿನದ ಗುಳಿಗೆಗಳಿದ್ದವು. ಮೂರು ವಾರದಿಂದ ದಿನ ಬಿಟ್ಟು ದಿನ ನುಂಗಿದ್ದ. ಉಳಿದದ್ದನ್ನು ಪಟ್ಟಿಯಿಂದ ಬಿಡಿಸಿ ಕೂಡಿಟ್ಟಿದ್ದ.

"ಮುಗೀತು ಅಂತ ನೀವು ಹೇಳೋ ದಿನ ಇದನ್ನ ತೋರಿಸಿ, ಇನ್ನೂ ಉಳಿದಿದೆ, ಇದು ಮುಗಿಯೋವರೆಗೂ ಬರ್ತೀನಿ ಅನ್ನೋಣ ಅಂತಿದ್ದೆ," ಎಂದ. "ಕೆಮ್ಮಂತೂ ನಿಂತಿತ್ತು."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ಅರೆಬರೆ ಔಷಧಿ ಕುಡಿದ ಕ್ರಿಮಿ ಸಾಯುವುದಿಲ್ಲ, ಔಷಧಿಯನ್ನೇ ಕಲಿತುಬಿಡುತ್ತದೆ. ಮತ್ತೆ ಅದೇ ಗುಳಿಗೆಗೆ ಬಗ್ಗುವುದಿಲ್ಲ. ಅಂಥವರನ್ನು ಅವಳು ನೋಡಿದ್ದಳು. ಎಲ್ಲರೂ ಗೆದ್ದು ಬಂದಿರಲಿಲ್ಲ. ತಾನಾಡಿದ ಒಂದು ಹುಡುಗಾಟದ ಮಾತು ಇವನ ಎದೆಗೆ ಮುಳ್ಳಾಯಿತೇ? ಮಾತಿನ ಸುಖದಲ್ಲಿ ಖಾಲಿ ಪಟ್ಟಿ ಎಣಿಸಿ ಸುಮ್ಮನಾದವಳು ತಾನಲ್ಲವೇ?

ಡಾಕ್ಟರ ಮುಂದೆ ಅವಳು ಏನನ್ನೂ ಮುಚ್ಚಿಡಲಿಲ್ಲ, ತನ್ನ ತಪ್ಪನ್ನೂ. ಕಫ ಮತ್ತೆ ಬೇಕೆಂದರು. ಕೆಮ್ಮೇ ಇಲ್ಲದವನಿಗೆ ಉಪ್ಪುನೀರಿನ ಹಬೆ ಕೊಟ್ಟು ಕೆಮ್ಮಿಸಬೇಕಾಯಿತು. ಫಲಿತಾಂಶ ಬರುವ ತನಕದ ಎರಡು ದಿನ ಅವಳು ಅನ್ನದ ಮುಂದೆ ಸುಮ್ಮನೆ ಕೂತಳು. ಬೆಳಿಗ್ಗೆ ದೇವರಿಗೆ ಕೈಮುಗಿದು ನಿಂತರೆ ಕೇಳಿಕೊಳ್ಳಲು ಮಾತೇ ಹೊರಡಲಿಲ್ಲ. ಮಾತಿಲ್ಲದವರನ್ನೂ ಕೇಳಿಸಿಕೊಳ್ಳುವವನು ಅವನು ಎಂದು ನಂಬಿ ಕೆಲಸಕ್ಕೆ ಹೋದಳು.

ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ಕಾಣಲಿಲ್ಲ. ಆದರೆ ಅದೇ ಕೊನೆಯ ಮಾತಲ್ಲ. ಕಫದಲ್ಲಿ ಕ್ರಿಮಿ ಬೆಳೆಯುವುದೇ ಎಂದು ನೋಡುವ ಕಲ್ಚರ್ ಪರೀಕ್ಷೆಗೆ ಇನ್ನೂ ಆರು ವಾರ ಬೇಕಿತ್ತು. ತಪ್ಪಿದ ಹತ್ತು ದಿನವನ್ನೂ ಸೇರಿಸಿ, ದಿನಾ ಆಸ್ಪತ್ರೆಗೇ ಬಂದು ಎದುರಿನಲ್ಲೇ ನುಂಗಬೇಕೆಂದು ಡಾಕ್ಟರು ಹೇಳಿದರು. ದಿನಾ ಎಂಬ ಮಾತಿಗೆ ಅವನ ಮುಖ ಅರಳಿದ್ದನ್ನು ಅವಳು ಕಂಡಳು. ಹೊರಗಿನ ಮೊಗಸಾಲೆಯಲ್ಲಿ ಅವನನ್ನು ತಡೆದು ನಿಲ್ಲಿಸಿದಳು.

"ನಿಮ್ಮ ಫೈಲ್ ದೊಡ್ಡ ಸಿಸ್ಟರ್‌ಗೆ ಕೊಟ್ಟಿದ್ದೀನಿ. ಗುಳಿಗೆ ಅವರೇ ಕೊಡ್ತಾರೆ."

ಅವನ ಮುಖ ಬಾಡಿತು. "ತಪ್ಪು ನಂದು. ಶಿಕ್ಷೆ ಸರಿಯಾಗೇ ಇದೆ."

"ಶಿಕ್ಷೆ ಅಲ್ಲ. ನನ್ನ ನೋಡೋಕೆ ನೀವು ರೋಗಿಯಾಗೇ ಇರಬೇಕು ಅಂದ್ಕೊಂಡ್ರಲ್ಲ, ಅದನ್ನ ನನ್ನ ಕೈಲಿ ತಡ್ಕೊಳ್ಳೋಕೆ ಆಗಲ್ಲ. ನೂರಾ ಒಂಬತ್ತು ದಿನ ಇದೆ. ಮುಗಿಸಿ ಬನ್ನಿ. ನಮ್ಮ ಮನೆಗೆ, ನಿಮ್ಮ ಅಮ್ಮನ್ನ ಕರ್ಕೊಂಡು."

ಆತ ಮೆಲ್ಲನೆ ಕೇಳಿದ: "ಆರು ವಾರದ್ದು ಕೆಟ್ಟದಾಗಿ ಬಂದ್ರೆ?"

"ಬಂದ್ರೆ ಔಷಧಿ ಬದಲಾಗುತ್ತೆ, ದಿನ ಜಾಸ್ತಿಯಾಗುತ್ತೆ. ನಾನೂ ಅಷ್ಟು ದಿನ ಜಾಸ್ತಿ ಕಾಯ್ತೀನಿ."

ಆತ ತಲೆಯಾಡಿಸಿ, ದೊಡ್ಡ ಸಿಸ್ಟರ್ ಕೋಣೆಯ ಕಡೆ ನಡೆದ. ಅವಳು ಕಂಬಕ್ಕೆ ಬೆನ್ನು ಕೊಟ್ಟು ಅಲ್ಲೇ ನಿಂತಳು. ಒಳಗೆ ಲೋಟಕ್ಕೆ ನೀರು ಸುರಿದ ಸದ್ದಾಯಿತು. ಆಮೇಲೆ ದೊಡ್ಡ ಸಿಸ್ಟರ್ ದನಿ ಕೇಳಿಸಿತು, "ಬಾಯಿ ತೆಗಿ. ನಾಲಿಗೆ ಎತ್ತು. ಎತ್ತು ಅಂದೆ."

ಒಂದು ದಿನ ಆಯಿತು, ಎಂದುಕೊಂಡಳು ಅವಳು.